ಶೇಡಿಮಣ್ಣು ಮತ್ತು ಸಮುದ್ರದಡಿಯ ಮರಳುಗಲ್ಲು

ಸಮ್ಮೇಳನದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ಗಡಿನಾಡಿನ ಕನ್ನಡದ ಬಗ್ಗೆಯಾಗಲಿ ಯಕ್ಷಗಾನದ ಬಗ್ಗೆಯಾಗಲಿ ಅಧಿಕಾರದಿಂದ ಬರೆಯಬಲ್ಲವರು ಕಾಸರಗೋಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನಾದರೋ ನೌಕರಿಯ ಬಹುಭಾಗವನ್ನು ನಾರ್ವೆ ದೇಶದ ಸ್ಟಾವಂಗರ್ ಪಟ್ಟಣದಲ್ಲಿ ಕಳೆದವನು. ಸಮುದ್ರದ ತಳದಿಂದಲೂ ಕೆಳಗೆ, ಮೂರು ನಾಲ್ಕು ಕಿಲೋಮೀಟರು ಆಳದಲ್ಲಿರುವ ಮರಳುಗಲ್ಲಿನೊಳಗೆ ಏನು ನಡೆಯುತ್ತಿರಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸವಾಗಿತ್ತು. “ಅದನ್ನೇ ಬರೆಯಿರಿ, ನಮ್ಮಲ್ಲಿ ಯಾರೂ ಬರೆದಿಲ್ಲ” ಎಂದರು ಅವರು. ಅದನ್ನು ಬರೆಯ ಹೊರಟರೆ ನನ್ನ ಒಂದು ತಪ್ಪನ್ನೂ ಬರೆಯಬೇಕಾಗುತ್ತದೆ. ಇರಲಿ.

ಈ ಕೆಲಸವನ್ನು ಕನ್ನಡದಲ್ಲಿ ನಾನು ಮೊದಲು ವಿವರಿಸಿದ್ದು ಅಪ್ಪನಿಗೆ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಸಂಜೆ ಜಗಲಿಯಲ್ಲಿ ಎಲೆಯಡಿಕೆಯ ಹರಿವಾಣವನ್ನು ಮುಂದಿಟ್ಟುಕೊಂಡು, “ನೀನು ಅಲ್ಲಿ ಮಾಡುವುದಾದರೂ ಏನು ಮಾರಾಯಾ?” ಎಂದು ಕೇಳುತ್ತಿದ್ದರು. ನೆಲದಡಿಯಲ್ಲಿ ತೈಲವು ಕೆರೆಯಂತೆ ನಿಂತಿರುತ್ತದೆ ಎಂದೇ ಅವರ ಎಣಿಕೆ. ಅಂಗಳದ ಬದಿಯಲ್ಲಿದ್ದ ಒಂದು ಮುರಕಲ್ಲಿನ ಮೇಲೆ ಚೊಂಬು ನೀರು ಸುರಿದು, ನೀರು ಎಲ್ಲಿ ಹೋಯಿತೆಂದು ಕೇಳಿದೆ. ಕಲ್ಲು ಕುಡಿಯಿತು ಎಂದರು. ತೈಲವೂ ಹಾಗೆಯೇ ಕಲ್ಲಿನ ಕಣಗಳ ನಡುವಣ ಸಂದುಗಳಲ್ಲಿ ಇರುತ್ತದೆ ಎಂದೆ. ಸಂದುಗಳು ತೆರೆದಿದ್ದರೆ ಬಾವಿಗೆ ಬೆಲೆ. ಮುಚ್ಚಿಹೋಗಿದ್ದರೆ ಕೋಟಿಗಟ್ಟಲೆ ಹಣ ನೀರುಪಾಲು.

ಮುಚ್ಚಿಹೋಗುವುದು ಹೇಗೆ ಎಂಬ ಮುಂದಿನ ಪ್ರಶ್ನೆಗೆ ನಮ್ಮ ಗುಡ್ಡದ ಸುರಂಗವೇ ಉತ್ತರ ಒದಗಿಸಿತು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಓದುಗರಿಗೆ ಸುರಂಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಇತರರಿಗಾಗಿ ಹೇಳುವುದಾದರೆ, ಅದು ಗುಡ್ಡದ ಹೊಟ್ಟೆಯೊಳಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ, ಪಿಕ್ಕಾಸಿನಿಂದ ಕೊರೆದ ನೀರಿನ ದಾರಿ. ನಮ್ಮ ಮನೆಗೂ ತೋಟಕ್ಕೂ ನೀರು ಬರುತ್ತಿದ್ದುದು ಅಂಥ ಒಂದು ಸುರಂಗದಿಂದ. ಮೇಲೆ ಗಟ್ಟಿಯಾದ ಮುರಕಲ್ಲು. ಅದರ ಕೆಳಗೆ ಮೆತ್ತಗಿನ ಬಿಳಿಯ ಶೇಡಿಮಣ್ಣು. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮಲಬಾರಿನ ಅಂಗಾಡಿಪುರದಲ್ಲಿ ನೋಡಿದ ಇದೇ ಜಾತಿಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟು, 1807ರಲ್ಲಿ ತನ್ನ ಪ್ರವಾಸದ ಪುಸ್ತಕದಲ್ಲಿ ಅಚ್ಚು ಮಾಡಿಸಿದ. ಮುರಕಲ್ಲಿಗೂ ಶೇಡಿಗೂ ಮೂಲ ಒಂದೇ. ಅಡಿಯ ಗಟ್ಟಿ ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಲಕ್ಷಾಂತರ ವರ್ಷಗಳ ಮಳೆನೀರಿಗೆ ಕರಗಿ ಕೆಯೊಲಿನೈಟ್ ಎಂಬ ಬಿಳಿಯ ಜೇಡಿಯಾಗುತ್ತದೆ. ನಮ್ಮ ಶೇಡಿಯಲ್ಲಿ ಹೆಚ್ಚಿನ ಪಾಲು ಅದೇ.

ನಾರ್ವೆಯ ಸಮುದ್ರದಡಿಯ ಮರಳುಗಲ್ಲಿನಲ್ಲಿಯೂ ಫೆಲ್ಡ್‌ಸ್ಪಾರ್ ಇದೆ, ಕೆಯೊಲಿನೈಟ್ ಇದೆ. ಅಲ್ಲಿ ವ್ಯತ್ಯಾಸ ಉಂಟುಮಾಡುವುದು ಬಿಸಿ. ಆಳಕ್ಕೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 30 ಡಿಗ್ರಿಯಂತೆ ಬಿಸಿ ಏರುತ್ತದೆ. 70–80 ಡಿಗ್ರಿ ದಾಟಿದ ಮೇಲೆ ಮರಳಿನ ಬೆಣಚು ಕಣಗಳು ಒಂದಕ್ಕೊಂದು ಒತ್ತಿ ಕೂತಿರುವ ಕಡೆಗಳಲ್ಲಿ ಕರಗಿ, ಕರಗಿದ ಸಿಲಿಕಾ ಪಕ್ಕದ ಸಂದಿನಲ್ಲಿ ಹೊಸ ಬೆಣಚಾಗಿ ಬೆಳೆಯತೊಡಗುತ್ತದೆ. ಸುಮಾರು 130 ಡಿಗ್ರಿಯಲ್ಲಿ ಫೆಲ್ಡ್‌ಸ್ಪಾರೂ ಕೆಯೊಲಿನೈಟೂ ಒಂದನ್ನೊಂದು ತಿಂದು ಇಲೈಟ್ ಎಂಬ ಇನ್ನೊಂದು ಜೇಡಿಯನ್ನು ಹುಟ್ಟಿಸುತ್ತವೆ. ಜೊತೆಗೆ ಮತ್ತಷ್ಟು ಬೆಣಚು, ಸ್ವಲ್ಪ ನೀರು. ಇಲೈಟ್ ಬೆಳೆಯುವುದು ಕೂದಲಿನಂತೆ. ಸಂದು ಇದ್ದರೂ ಕೂದಲು ಸಿಕ್ಕಿಕೊಂಡ ಬಚ್ಚಲಿನ ಕಂಡಿಯ ಹಾಗೆ, ತೈಲ ಹರಿಯುವುದಿಲ್ಲ. ಅದರ ಇನ್ನೊಂದು ಚೇಷ್ಟೆಯೆಂದರೆ, ಮೇಲೆ ತಂದ ಕಲ್ಲನ್ನು ಸುಮ್ಮನೆ ಗಾಳಿಗೆ ಒಣಗಿಸಿದರೆ ಆ ಕೂದಲುಗಳು ಕಣಕ್ಕೆ ಅಂಟಿ ಮಲಗಿಬಿಡುತ್ತವೆ. ಆಮೇಲೆ ಪ್ರಯೋಗಶಾಲೆಯಲ್ಲಿ ಅಳೆದವನಿಗೆ ಕಲ್ಲು ಇರುವುದಕ್ಕಿಂತ ಎಷ್ಟೋ ಒಳ್ಳೆಯದಾಗಿ ಕಾಣುತ್ತದೆ.

ಇವೆಲ್ಲವನ್ನೂ ಕಂಪ್ಯೂಟರಿಗೆ ಹೇಳಬೇಕು. 18 ಕೋಟಿ ವರ್ಷಗಳಿಗೂ ಹಿಂದೆ ನದಿಯೊಂದು ತಂದು ಸುರಿದ ಮರಳು ಎಂದು ಎಷ್ಟು ಆಳದಲ್ಲಿತ್ತು, ಎಷ್ಟು ಬಿಸಿಯಾಗಿತ್ತು, ಕಣಗಳ ಗಾತ್ರವೆಷ್ಟು, ನೀರಿನಲ್ಲಿ ಏನೇನು ಕರಗಿತ್ತು ಎಂಬುದನ್ನೆಲ್ಲ ಕೊಟ್ಟರೆ ಅದು ಕಾಲವನ್ನು ತುಂಡುತುಂಡಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿಯೂ ಎಷ್ಟು ಕರಗಿತು, ಎಷ್ಟು ಗಟ್ಟಿಯಾಯಿತು ಎಂದು ಕೂಡಿಸಿ ಕಳೆಯುತ್ತ ಇಂದಿನವರೆಗೆ ಬರುತ್ತದೆ. ಬೆಣಚಿನ ಬೆಳವಣಿಗೆಗೆ ನಾವು ಬಳಸುತ್ತಿದ್ದುದು ಓಲಾವ್ ವಾಲ್ಡರ್‌ಹೌಗ್ ಎಂಬ ನಾರ್ವೆಯ ವಿಜ್ಞಾನಿ 1990ರ ದಶಕದಲ್ಲಿ ಕಟ್ಟಿಕೊಟ್ಟ ಸೂತ್ರವನ್ನು. ಅದರ ಪ್ರಕಾರ ಬಿಸಿ 10 ಡಿಗ್ರಿ ಏರಿದರೆ ಬೆಳವಣಿಗೆಯ ವೇಗ ಒಂದೂವರೆ ಪಟ್ಟಿಗೂ ಮಿಗಿಲಾಗುತ್ತದೆ. ಚೊಕ್ಕವಾದ ಸೂತ್ರ. ಆದರೆ ಆ ವೇಗವನ್ನು ಗುಣಿಸಬೇಕಾದದ್ದು ನೀರಿಗೆ ತೆರೆದಿರುವ ಕಣದ ಮೇಲ್ಮೈಯಿಂದ. ಆ ಮೇಲ್ಮೈ ಎಷ್ಟು? ಕಣವನ್ನು ಗುಂಡೆಂದು ಎಣಿಸಿ ಲೆಕ್ಕ ಹಾಕಿದರೆ ಒಂದು ಸಂಖ್ಯೆ, ಪ್ರಯೋಗಶಾಲೆಯಲ್ಲಿ ಅನಿಲ ಹಾಯಿಸಿ ಅಳೆದರೆ ಅದರ ಎಷ್ಟೋ ಪಟ್ಟು ದೊಡ್ಡ ಇನ್ನೊಂದು ಸಂಖ್ಯೆ. ಅದರಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು ಎಷ್ಟೆಂಬುದು ಬೇರೆಯೇ ಮಾತು. ಆದ್ದರಿಂದ ಈ ಕಸುಬಿನಲ್ಲಿರುವವರೆಲ್ಲ ಆ ಒಂದು ಸಂಖ್ಯೆಯನ್ನು ಹಿಗ್ಗಿಸಿ ಕುಗ್ಗಿಸಿ ಲೆಕ್ಕವನ್ನು ಹೊಂದಿಸುತ್ತಾರೆ. ನಾನೂ ಹೊಂದಿಸಿದೆ.

ಅಪ್ಪ ಇಷ್ಟನ್ನೂ ಕೇಳಿ, “ಅಲ್ಲಿಗೆ ಒಳಗೆ ಹೋಗಿ ನೋಡಿದವರು ಯಾರು?” ಎಂದಿದ್ದರು. ನಾಲ್ಕು ಕಿಲೋಮೀಟರು ಆಳ, ಸುಡುವ ಬಿಸಿ, ಯಾರು ಹೋಗುತ್ತಾರಪ್ಪಾ ಎಂದು ನಾನು ನಕ್ಕುಬಿಟ್ಟೆ.

ನಾನಿದ್ದ ಸಂಸ್ಥೆಯವರು ನಾರ್ವೆಯ ನಡುಭಾಗದ ಕಡಲಲ್ಲಿ ಒಂದು ಬಾವಿ ಕೊರೆಯುವುದಿತ್ತು. ಮೇಲಿನ ಪದರದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಅದನ್ನು ದಾಟಿ ಇನ್ನೂ ಆಳದ ಮರಳುಗಲ್ಲಿನವರೆಗೆ ಕೊರೆಯಬೇಕೇ ಎಂಬುದಷ್ಟೇ ಪ್ರಶ್ನೆ. ಅಲ್ಲಿ ಉಳಿದಿರಬಹುದಾದ ಸಂದುಗಳ ಪ್ರಮಾಣ ನನ್ನ ಲೆಕ್ಕದಲ್ಲಿ ನೂರಕ್ಕೆ ಹತ್ತರ ಒಳಗೆ ಬಂತು. ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು, ಈ ಅಂಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಕೇಳಿದರು. ಸುತ್ತಲಿನ ಏಳು ಹಳೆಯ ಬಾವಿಗಳ ಅಳತೆಗೆ ಇದು ಸರಿಯಾಗಿ ಹೊಂದುತ್ತದೆ ಎಂದೆ. ಅದು ಸುಳ್ಳಲ್ಲ. ಆದರೆ ಆ ಏಳು ಬಾವಿಗಳನ್ನು ನೋಡಿಕೊಂಡೇ ಮೇಲ್ಮೈಯ ಸಂಖ್ಯೆಯನ್ನು ಹೊಂದಿಸಿದ್ದೆನೆಂಬುದನ್ನು ಹೇಳಲಿಲ್ಲ. ಪುಸ್ತಕದ ಹಿಂಬದಿಯ ಉತ್ತರ ನೋಡಿ ಲೆಕ್ಕ ಬಿಡಿಸಿದ ಹುಡುಗ ನೂರಕ್ಕೆ ನೂರು ತೆಗೆದಂತಾಯಿತು. ಯಾರೂ ಮುಂದಕ್ಕೆ ಕೇಳಲಿಲ್ಲ.

ಇನ್ನೊಂದನ್ನೂ ಹೇಳಬೇಕು. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನೇ ಜೀವಮಾನದ ಕಸುಬಾಗಿಸಿಕೊಂಡಿದ್ದ ಒಬ್ಬ ಹಿರಿಯ ಮಹಿಳೆ ನಮ್ಮಲ್ಲಿದ್ದರು. ಸಭೆಗೆ ಒಂದು ವಾರ ಮೊದಲು ಅವರು ನನ್ನ ಕೋಣೆಗೆ ಬಂದು, ಏಳರಲ್ಲಿ ಒಂದು ಬಾವಿಯ ಎರಡು ಗಾಜುಪಟ್ಟಿಗಳಲ್ಲಿ ಕಣಗಳ ಸುತ್ತ ಹಸಿರು ಲೇಪ ಕಂಡಿದೆ, ಬಂದು ನೋಡು ಎಂದಿದ್ದರು. ಆ ಹಸಿರು ಎಂದರೆ ಕ್ಲೋರೈಟ್, ಕಬ್ಬಿಣವುಳ್ಳ ಒಂದು ಜೇಡಿ. ಮರಳಿನ ಕಣಕ್ಕೆ ಅದು ಅಂಗಿಯಂತೆ ಸುತ್ತಿಕೊಂಡಿದ್ದರೆ ಹೊಸ ಬೆಣಚು ಕಚ್ಚಿಕೊಳ್ಳಲು ಜಾಗವೇ ಇರುವುದಿಲ್ಲ. ಎಷ್ಟು ಆಳಕ್ಕೆ ಹೋದರೂ ಸಂದು ತೆರೆದೇ ಉಳಿಯಬಹುದು. ನಾರ್ವೆಯ ಕಡಲಿನ ಮರಳುಗಲ್ಲುಗಳಲ್ಲಿಯೇ ಇದನ್ನು ತೋರಿಸಿದ ಲೇಖನ 1993ರಷ್ಟು ಹಿಂದೆಯೇ ಪ್ರಕಟವಾಗಿತ್ತು. ನಾನು ಅದನ್ನು ಓದಿದ್ದೆ. ಆದರೂ ಎರಡು ಗಾಜುಪಟ್ಟಿಗಳಿಗಾಗಿ ಇಡೀ ಲೆಕ್ಕವನ್ನು ಮತ್ತೆ ಹೂಡುವ ವ್ಯವಧಾನ ನನಗಿರಲಿಲ್ಲ. ಲೇಪದ ಜಾಗದಲ್ಲಿ ಸೊನ್ನೆ ಬರೆದೆ.

ಆಳದ ಪದರವನ್ನು ಕೈಬಿಡಲಾಯಿತು. ಕಾಲಾನಂತರ ಆ ಭಾಗದ ಪರವಾನಗಿಯೂ ಸರಕಾರಕ್ಕೆ ಹಿಂದಿರುಗಿತು. ಇನ್ನೊಬ್ಬರು ಅದನ್ನು ಪಡೆದು ಕೊರೆದರು. ನಾರ್ವೆಯಲ್ಲಿ ಬಾವಿಗಳಿಂದ ತೆಗೆದ ಕಲ್ಲಿನ ಮಾದರಿಗಳನ್ನು ಸರಕಾರದ ನಿರ್ದೇಶನಾಲಯವು ಸ್ಟಾವಂಗರಿನಲ್ಲಿಯೇ ಕಾದಿಡುತ್ತದೆ; ನಿಗದಿಯಾದ ಕಾಲ ಕಳೆದ ಮೇಲೆ ಹೊರಗಿನವರಿಗೂ ನೋಡಲು ಅವಕಾಶವಿದೆ. ನಾನು ಹೋಗಿ ನೋಡಿದೆ. ಉದ್ದನೆಯ ಪೆಟ್ಟಿಗೆಗಳಲ್ಲಿ ಮಲಗಿಸಿಟ್ಟಿದ್ದ ಆ ಕಲ್ಲಿಗೆ ನಸುಹಸಿರು ಛಾಯೆ. ಸಂದುಗಳು ನೂರಕ್ಕೆ ಇಪ್ಪತ್ತನ್ನು ದಾಟಿದ್ದವು. ಬೆರಳಲ್ಲಿ ಒತ್ತಿದರೆ ಅಂಚಿನ ಕಣಗಳು ಉದುರುವಷ್ಟು ಸಡಿಲ.

ಆ ವರ್ಷ ರಜೆಯಲ್ಲಿ ಬಂದಾಗ ಅಪ್ಪನಿಗೆ ಇದನ್ನು ಹೇಳಿದೆ. ಅವರಿಗೆ ಆಗಲೇ ಎಂಬತ್ತು ದಾಟಿತ್ತು. ನಷ್ಟ ಎಷ್ಟೆಂದು ಕೇಳುತ್ತಾರೆ ಎಂದುಕೊಂಡಿದ್ದೆ. “ಆ ಹೆಂಗಸಿಗೆ ಹೇಳಿದೆಯಾ?” ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಆಮೇಲೆ ಅವರು ಮಾತು ಬದಲಿಸಿ ಅಡಿಕೆಗೆ ಬಂದ ಕೊಳೆರೋಗದ ಸುದ್ದಿ ತೆಗೆದರು.

ಮರಳಿದ ಮೊದಲ ವಾರವೇ ಆಕೆಯ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ: ಏಳು ಬಾವಿಗಳ ವಿಷಯ, ಸೊನ್ನೆಯ ವಿಷಯ. ಅವರು ಏನೂ ಅನ್ನಲಿಲ್ಲ. ಕಪಾಟಿನಿಂದ ಮರದ ಪೆಟ್ಟಿಗೆಯೊಂದನ್ನು ತೆಗೆದು, ಅದೇ ಎರಡು ಗಾಜುಪಟ್ಟಿಗಳಲ್ಲಿ ಒಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕುರ್ಚಿಯಿಂದ ಎದ್ದು ನನಗೆ ಜಾಗ ಬಿಟ್ಟರು. ಬೆಳ್ಳಗಿನ ಕಣಗಳ ಸುತ್ತ ಹಸಿರು ನೂಲು ಸುತ್ತಿದಂತಿತ್ತು. ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆ ಬಳಿಕ ನನ್ನ ವರದಿಗಳಲ್ಲಿ ಒಂದು ಅಂಕೆಯ ಬದಲು ಇಷ್ಟರಿಂದ ಇಷ್ಟರವರೆಗೆ ಎಂಬ ಹರವು ಇರುತ್ತಿತ್ತು. ಯಾವ ಸಂಖ್ಯೆ ಅಳೆದದ್ದು, ಯಾವುದು ಹೊಂದಿಸಿದ್ದು ಎಂಬ ಪಟ್ಟಿಯೂ ಇರುತ್ತಿತ್ತು. ಮೇಲಿನವರಿಗೆ ಅದು ಹಿಡಿಸಲಿಲ್ಲ. ಕೊರೆಯಬೇಕೋ ಬೇಡವೋ ಹೇಳು ಎಂದರೆ ಇವನು ಪಂಚಾಂಗ ಓದುತ್ತಾನೆ ಎಂಬ ಅರ್ಥದ ಮಾತು ಕಿವಿಗೆ ಬಿತ್ತು. ನೌಕರಿಯ ಕೊನೆಯ ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಮರಳುಗಲ್ಲಿಗೆ ತುಂಬುವ ಲೆಕ್ಕಗಳೂ ಬಂದವು. ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ 1996ರಿಂದಲೇ ಆ ಕೆಲಸ ನಡೆಯುತ್ತ ಬಂದಿದೆ. ಆ ಅನಿಲವು ಸಾವಿರಾರು ವರ್ಷಗಳಲ್ಲಿ ಯಾವ ಖನಿಜವಾಗಿ ಗಟ್ಟಿಯಾದೀತು ಎಂಬ ಪ್ರಶ್ನೆಗೂ ಇಂಥದೇ ಸೂತ್ರಗಳು, ಹೊಂದಿಸಬೇಕಾದ ಅದೇ ಮೇಲ್ಮೈ. ಆದರೆ ಅಲ್ಲಿ ಉತ್ತರ ತಪ್ಪೆಂದು ತೋರಿಸಲು ಯಾವ ಬಾವಿಯೂ ನಮ್ಮ ಕಾಲದಲ್ಲಿ ಬರಲಾರದು. ಅದರಿಂದಲೇ ನನಗೆ ಆ ಲೆಕ್ಕಗಳ ಬಗ್ಗೆ ಭಯ ಹೆಚ್ಚು.

ಈಗ ಊರಲ್ಲಿದ್ದೇನೆ. ಮನೆಯ ಹಿಂದಿನ ಗುಡ್ಡದಲ್ಲಿ ನಮ್ಮದೇ ಎರಡನೆಯ ಸುರಂಗವೊಂದು ಅರ್ಧಕ್ಕೆ ನಿಂತಿದೆ. ನನಗೆ ಹತ್ತು ವರ್ಷವಾಗಿದ್ದಾಗ ಅದನ್ನು ಕೊರೆಯುತ್ತಿದ್ದವರು ಒಂದು ದಿನ ದೀಪ ಹಿಡಿದು ಹೊರಬಂದು, “ಅಣ್ಣಾ, ಶೇಡಿ ಬಂದಿದೆ. ಇನ್ನು ಹತ್ತು ಕೋಲು ಹೋದರೆ ನೀರು ಸಿಕ್ಕಲೂಬಹುದು, ಮಣ್ಣು ಕುಸಿಯಲೂಬಹುದು. ನನಗೆ ಗೊತ್ತಾಗುವುದಿಲ್ಲ” ಎಂದು ಅಪ್ಪನೊಡನೆ ತುಳುವಿನಲ್ಲಿ ಹೇಳಿದ್ದು ನೆನಪಿದೆ. ಅಪ್ಪ ಅಂದೇ ಕೆಲಸ ನಿಲ್ಲಿಸಿ, ಅವರಿಗೆ ಪೂರ್ತಿ ಕೂಲಿ ಕೊಟ್ಟು ಕಳುಹಿಸಿದ್ದರು. ಕೊಳವೆಬಾವಿ ಈ ಸಲ ಫೆಬ್ರವರಿಯಲ್ಲೇ ಬತ್ತಿತು. ಆ ಸುರಂಗವನ್ನು ಮುಂದುವರಿಸಬಹುದೇ, ನಿಮ್ಮ ಕಂಪ್ಯೂಟರಿನಲ್ಲಿ ನೋಡಿ ಹೇಳಿ ದೊಡ್ಡಪ್ಪಾ ಎನ್ನುತ್ತಾನೆ ತಮ್ಮನ ಮಗ. ಅಂದು ಕೊರೆದವರ ಮಗ ಈಗಲೂ ಆ ಕೆಲಸ ಬಲ್ಲವರು. ಅವರಿಗೆ ಹೇಳಿ ಕಳುಹಿಸಿದ್ದೇನೆ. ದೀಪಾವಳಿ ಕಳೆದ ಮೇಲೆ ಬಂದು ಒಳಗೆ ನೋಡುತ್ತಾರಂತೆ.