ಮಿರ್ಚಿಗೆ ಉಪ್ಪು

ವ್ಯಾಪಾರ ಕಲಿಸುವ ಆಟಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. ಕುಳಗೇರಿ ಕ್ರಾಸಿನಲ್ಲಿ ಚಹಾ-ಮಿರ್ಚಿಯ ಅಂಗಡಿ ಇಡಬೇಕೆಂದಿದ್ದ ನಮ್ಮ ಅಕ್ಕನ ಮಗ ಅಂಥದೊಂದನ್ನು ಆರು ತಿಂಗಳು ಆಡಿದ. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಮಾಡಿದ 'ರೋಲರ್ ಕೋಸ್ಟರ್ ಟೈಕೂನ್' 1999ರಲ್ಲಿ ಕಂಪ್ಯೂಟರಿಗೆ ಬಂದ ಆಟ. ಆಮೇಲೆ ಮೊಬೈಲಿಗೂ ಬಂತು. ಜಾತ್ರೆಯಲ್ಲಿರುವಂಥ ತೊಟ್ಟಿಲು, ರೈಲುಗಳ ಒಂದು ಉದ್ಯಾನ ನಿಮ್ಮ ಕೈಗೆ ಬರುತ್ತದೆ. ಟಿಕೆಟ್ಟಿನ ದರ, ಆಳುಗಳ ಪಗಾರ, ಕಸ, ಸಾಲ ಎಲ್ಲ ನಿಮ್ಮ ತಲೆಯ ಮೇಲೆ. ನಾವೂ ಪಕ್ಕದಲ್ಲಿ ಕೂತು ನೋಡಿದೆವು.

ಹೊಸಬನು ಕೈಯಲ್ಲಿದ್ದ ದುಡ್ಡನ್ನೆಲ್ಲ ಒಂದು ದೊಡ್ಡ ರೈಲಿಗೆ ಸುರಿಯುತ್ತಾನೆ. ಹಳಿ ಹಾಕಿ ಮುಗಿಯುವ ಮೊದಲೇ ಗಲ್ಲೆ ಖಾಲಿ. ಬಲ್ಲವನು ಎರಡು-ಮೂರು ಸಣ್ಣ ತೊಟ್ಟಿಲು ಹಾಕಿ, ಅವುಗಳ ಗಳಿಕೆಯಿಂದ ಮುಂದಿನದಕ್ಕೆ ಕೈ ಹಾಕುತ್ತಾನೆ. ಗುಡಿಸುವವರನ್ನು ಎಲ್ಲೆಂದರಲ್ಲಿ ಬಿಡಬಾರದು, ರೈಲಿನಿಂದ ಇಳಿದವರು ವಾಂತಿ ಮಾಡುವ ಜಾಗದಲ್ಲೇ ತಿರುಗಾಡಿಸಬೇಕು. ಹಳತಾದ ತೊಟ್ಟಿಲಿಗೆ ಹೊಸದರ ದರ ಯಾರೂ ಕೊಡುವುದಿಲ್ಲ, ಇಳಿಸಬೇಕು. ಇನ್ನೊಂದು ಸೌಕರ್ಯವಿದೆ: ಗಿರಾಕಿಯ ಮೇಲೆ ಬೆರಳಿಟ್ಟರೆ ಅವನ ಮನಸ್ಸಿನ ಮಾತು ಅಕ್ಷರದಲ್ಲಿ ಕಾಣುತ್ತದೆ. ಕ್ರಾಸಿನ ಗಿರಾಕಿ ಅರ್ಧ ಚಹಾ ಬಿಟ್ಟು ಬಸ್ಸು ಹತ್ತಿದರೆ ಹಾಲು ಕೆಟ್ಟಿತ್ತೋ, ಕಂಡಕ್ಟರ್ ಸೀಟಿ ಊದಿದನೋ ಯಾರಿಗೆ ಗೊತ್ತು!

ಸಾಲದ ವಿಷಯಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಆಟ ಶುರುವಾಗುವುದೇ ಸಾಲದಿಂದ. ಪಳಗಿದವರು ಮೊದಲ ದಿನವೇ ಸಿಕ್ಕಷ್ಟು ಎತ್ತಿ ಎನ್ನುತ್ತಾರೆ; ಗಳಿಕೆ ಬಡ್ಡಿಯನ್ನು ಮೀರಿ ಓಡುತ್ತದೆ, ದುಡ್ಡು ಬಂದ ಮೇಲೆ ಒಂದು ಗುಂಡಿ ಒತ್ತಿ ತೀರಿಸಬಹುದು. ಸೂದ್ ಎಂಬ ಮಾತು ಕಿವಿಗೆ ಬಿದ್ದದ್ದೇ ನಮ್ಮ ತಾಯಿ ತಸ್ಬೀ ಕೆಳಗಿಟ್ಟರು. “ಆಟ ಸೋತರ ಮತ್ತ ಹಚ್ಚತೀ. ಅಂಗಡಿ ಸೋತರ ವಸೂಲಿಯವ್ರು ಯಾರ ಬಾಗಲಾ ಬಡೀತಾರ?” ಕೊನೆಗೆ ಬಂಡವಾಳ ಬಂದದ್ದು ಓಣಿಯ ಹೆಂಗಸರ ಭಿಶಿಯಿಂದ. ಹರಾಜಿಲ್ಲ, ಬಡ್ಡಿಯಿಲ್ಲ, ಚೀಟಿ ಎತ್ತುವುದಷ್ಟೇ. ಆ ತಿಂಗಳು ಪಕ್ಕದ ಮನೆಯಾಕೆಯ ಹೆಸರು ಬಂತು. ಆಕೆ ತನ್ನ ಸರದಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟಳು. ಈ ಗುಂಡಿ ಆ ಆಟದಲ್ಲಿಲ್ಲ.

ನಮ್ಮನ್ನು ಕಾಡಿದ್ದು ಬೇರೆ. ಮಳೆ ಬಂದಾಗ ಛತ್ರಿಯ ದರ ಏರಿಸಿದರೂ ಆಟದ ಜನ ಕೊಳ್ಳುತ್ತಾರೆ. ಇದಕ್ಕೂ ಹಿಂದಿನ, 1994ರ 'ಥೀಮ್ ಪಾರ್ಕ್' ಎಂಬ ಆಟದಲ್ಲಿ ಕರಿದ ಆಲೂಗಡ್ಡೆಗೆ ಉಪ್ಪು ಹೆಚ್ಚಿಸಬಹುದಿತ್ತು. ಪಕ್ಕದಲ್ಲೇ ತಂಪು ಪಾನೀಯದ ಅಂಗಡಿ ಇಟ್ಟರೆ ನೀರಡಿಸಿದವರು ಅಲ್ಲಿಗೆ ಬರುತ್ತಾರೆ. ಅದಕ್ಕೆ ಬರ್ಫ ಹೆಚ್ಚು ಹಾಕಿದರೆ ಇನ್ನಷ್ಟು ಉಳಿತಾಯ. ಹುಡುಗ ಇದನ್ನೂ ತಿಳಿದುಕೊಂಡಿದ್ದ. “ಮಾಮು, ಮಿರ್ಚಿಗೆ ಉಪ್ಪು ಒಂಚೂರು ಜಾಸ್ತಿ, ಬಾಜೂಕ ಬಾಟಲಿ ನೀರು” ಎಂದ.

ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ಅಳತೆಯಲ್ಲಿ ವಂಚಿಸುವವರದು. ಆದರೆ ಉಪ್ಪು ಹಾಕಿದರೆ ತೂಕ ಕಡಿಮೆಯಾಗುವುದಿಲ್ಲವಲ್ಲ! ಸುಳ್ಳನ್ನೂ ಹೇಳಿದಂತಾಗಲಿಲ್ಲ. ಪ್ರಾಮಾಣಿಕನಾದರೆ ಗಿರಾಕಿ ಮತ್ತೆ ಬರುತ್ತಾನೆಂಬ ಹಿರಿಯರ ಮಾತು ಊರೊಳಗಿನ ಕಿರಾಣಿಯವನಿಗೆ ಸರಿ. ಸುಗ್ಗಿಯವರೆಗೆ ಉದ್ರಿ ಬರೆಸುವ ರೈತ ನಾಳೆಯೂ ಬರುತ್ತಾನೆ. ನಮ್ಮ ಕ್ರಾಸಾದರೋ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ದಾರಿ ಕವಲೊಡೆಯುವ ಜಾಗ. ಗುಹೆ ನೋಡಲು ಹೊರಟವರು, ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೊರಟವರು ಹತ್ತು ನಿಮಿಷ ನಿಂತು ಹೋಗುತ್ತಾರೆ. ಅವರಲ್ಲಿ ಬಹಳ ಜನರ ಮುಖ ಮತ್ತೆ ಕಾಣುವುದಿಲ್ಲ. ಉಪ್ಪಿನ ಉಪಾಯ ಬೇರೆಲ್ಲಿ ಸೋತರೂ ಕ್ರಾಸಿನಲ್ಲಿ ಗೆಲ್ಲುತ್ತದೆ. ಹಾಗಾಗಿ ಲಾಭ ತೋರಿಸಿ ಹುಡುಗನನ್ನು ಒಪ್ಪಿಸುವ ದಾರಿ ನಮಗಿರಲಿಲ್ಲ. ಬೇಡ ಎಂದೆವು. ಮತ್ತೆ ಬಾರದವನ ಪರವಾಗಿ ಕೇಳುವವನು ಒಬ್ಬನೇ ಇದ್ದಾನೆ ಎಂದೆವು. ಹುಡುಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಅಂಗಡಿ ಶುರುವಾಯಿತು. ಮೊದಲಿಗೆ ಚಹಾ, ಮಿರ್ಚಿ ಎರಡೇ. ಗಿರ್ಮಿಟ್ಟು ಬಂದದ್ದು ಮೂರನೆಯ ತಿಂಗಳಿಗೆ. ದಿನಕ್ಕೆ ನಾಲ್ಕು ಸಲ ಅಂಗಡಿ ಮುಂದೆ ಗುಡಿಸುತ್ತಾನೆ, ಅದು ಆಟದ್ದೇ ಪಾಠ. ಉಪ್ಪು ಹದವಾಗಿದೆ, ನಾವು ತಿಂದು ನೋಡಿದ್ದೇವೆ. ಮೊಹರಮ್ಮಿನಲ್ಲಿ ದಾರಿಹೋಕರಿಗೆ ನೀರು ಕೊಡುವ ಸಬೀಲಿಗೆಂದು ತಂದಿದ್ದ ಹರವಿಯನ್ನು ಅಕ್ಕ ಅಲ್ಲೇ ಬೇವಿನ ನೆರಳಿಗೆ ಇಟ್ಟಿದ್ದಾಳೆ. ಬಾಟಲಿ ನೀರಿನ ಮಾರಾಟ ಅರ್ಧಕ್ಕಿಳಿದಿದೆ. ರಾತ್ರಿ ಲೆಕ್ಕ ಬರೆಯುವಾಗ ಹುಡುಗ ಆ ಸಾಲನ್ನು ತಾಯಿಗೆ ಓದಿ ಹೇಳುತ್ತಾನೆ. ಆಕೆ ಕೇಳಿಸಿಕೊಂಡು, ಬೆಳಿಗ್ಗೆ ಹರವಿ ತುಂಬಿಸುತ್ತಾಳೆ.