ನಾಗೊಂದಿಗೆಯ ಮೇಲಿನ ಟೇಪು

ಇಚಲಕರಂಜಿಯಲ್ಲಿ ನಮ್ಮ ಕಂಪನಿ ಅಂದರೆ ನಾಲ್ಕು ಜನ, ಒಂದು 486 ಪೆಟ್ಟಿಗೆ, ಹಸಿರು ಅಕ್ಷರದ ಮೂರು ಟರ್ಮಿನಲ್ಲು. ನೂಲಿನ ವ್ಯಾಪಾರಿಗಳ ಕಿರ್ದಿ-ಖತಾವಣಿಯನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ದಂಧೆ. 1904ರಲ್ಲೇ ವಿದ್ಯುತ್ ಮಗ್ಗ ಕಂಡ ಊರದು. ಕೆಳಗೆ ಸೈಜಿಂಗಿನ ಗಂಜಿ ವಾಸನೆ, ಮೇಲೆ ಅಟ್ಟದಲ್ಲಿ ಎಸ್‌ಸಿಒ ಯುನಿಕ್ಸ್. ಚಪ್ಪಲಿ ಹೊರಗೇ ಬಿಡಬೇಕಿತ್ತು. ಹತ್ತಿಯ ಎಳೆ ಮಾತ್ರ ಯಾರನ್ನೂ ಕೇಳದೆ ಒಳಗೆ ಬಂದು ಫ್ಯಾನಿಗೆ ಸುತ್ತಿಕೊಳ್ಳುತ್ತಿತ್ತು.

ಮಷೀನು ಬಂದ್ ಮಾಡುವ ಮೊದಲು ‘ಸಿಂಕ್’ ಅಂತ ಮೂರು ಸಲ ಒತ್ತುವುದನ್ನು ನನಗೆ ಕಲಿಸಿದ್ದರು. ತೀರ್ಥವೂ ಮೂರು ಸಲವೇ ಅಲ್ಲವೇ ಅಂದುಕೊಂಡು ಭಕ್ತಿಯಿಂದ ಒತ್ತುತ್ತಿದ್ದೆ. ಹಳೆಯ ಯುನಿಕ್ಸಿನಲ್ಲಿ ಮೊದಲನೆಯ ಅಪ್ಪಣೆಗೆ ಡಿಸ್ಕಿನ ಬರವಣಿಗೆ ಮುಗಿದಿರುತ್ತದೆ ಅನ್ನುವ ಭರವಸೆ ಇರಲಿಲ್ಲ, ಉಳಿದೆರಡು ಬರೀ ಹೊತ್ತು ಕಳೆಯಲಿಕ್ಕೆ ಅಂತ ಬಹಳ ವರ್ಷದ ಮೇಲೆ ಗೊತ್ತಾಯಿತು.

ಕರೆಂಟು ಹಠಾತ್ತನೆ ಹೋದರೆ ಸಿಂಕೂ ಇಲ್ಲ, ಏನೂ ಇಲ್ಲ. ಮತ್ತೆ ಚಾಲೂ ಮಾಡಿದಾಗ ಮಷೀನು ಇಡೀ ಡಿಸ್ಕು ತಪಾಸಣೆಗೆ ಕೂಡುತ್ತಿತ್ತು. ಗಿರಾಕಿ ಕಾಕಾ ಒಬ್ಬರು ಎಲೆ ಅಡಿಕೆ ಮುಗಿಸಿ ಕೇಳಿದರು: “ತಮ್ಮಾ, ಇನ್ನೂ ಎದ್ದಿಲ್ಲೇನು ಇದು?” “ತನ್ನ ಲೆಕ್ಕ ತಾನ ತಪಾಸ್ ಮಾಡಾಕತ್ತೈತ್ರಿ.” “ನಾ ಇಷ್ಟೊತ್ತಿಗೆ ಎರಡ ಸಲ ಬೇರೀಜ ಹಾಕತಿದ್ದೆ.” ಹಾಕುತ್ತಿದ್ದರು ಕೂಡ.

ರಾತ್ರಿ ನಕಲು ತೆಗೆದ ಟೇಪನ್ನು ಮನೆಗೆ ಒಯ್ಯುವುದು ನನ್ನ ಪಾಳಿ. ಶನಿವಾರದ್ದು ನಮ್ಮೂರು ಕೋವಾಡಕ್ಕೇ ಬರುತ್ತಿತ್ತು. ಅವ್ವ ಅದನ್ನು ಅಡಿಗೆಮನೆಯ ನಾಗೊಂದಿಗೆಯ ಮೇಲೆ, ಖಾರಪುಡಿ ಭರಣಿಯ ಪಕ್ಕ ಇಡುತ್ತಿದ್ದಳು. ಸೋಮವಾರ ಡ್ರೈವಿಗೆ ಹಾಕಿದವನಿಗೆ ಸೀನು ಗ್ಯಾರಂಟಿ.

ಮುಂದೆ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿದೆವು. “ಪುಕ್ಕಟೆ ಬಂದದ್ದು ನಿಲ್ಲೂದಿಲ್ಲ” ಅಂದರು ಯಜಮಾನರು. ನಿಂತಿತು.

2016ರಲ್ಲಿ ಡಿಜಿಟಲ್ ಓಷನ್ ಕಂಪನಿಯ ಸರ್ವರುಗಳು ಬೆಂಗಳೂರಿಗೂ ಅಮೆಜಾನಿನ ಕ್ಲೌಡ್ ಮುಂಬೈಗೂ ಬಂದವು. ಬೆಂಗಳೂರಿನಲ್ಲಿ ಒಂದು ಸರ್ವರಿಗೆ ತಿಂಗಳಿಗೆ ಐದು ಡಾಲರು, ಆಗಿನ ದರದಲ್ಲಿ ₹335ರ ಆಸುಪಾಸು. ನಮ್ಮ ಯುಪಿಎಸ್ ಬ್ಯಾಟರಿಯ ಖರ್ಚೇ ಅದಕ್ಕಿಂತ ಹೆಚ್ಚಿತ್ತು. ಲೆಕ್ಕವನ್ನೆಲ್ಲ ಅಲ್ಲಿಗೆ ಏರಿಸಿದೆವು. “ನಮ್ಮ ಮಷೀನ ಈಗ ಯಾರ ಮನ್ಯಾಗ ಐತಿ?” ಅಂತ ಯಜಮಾನರು ಕೇಳಿದರು. ಬಾಡಿಗೆ ಮನೆಯಲ್ಲಿ ಅಂದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ವ್ಯಾಪಾರಿಗಳ ಮಕ್ಕಳು ಬಿಲ್ಲನ್ನು ಫೋನಿನಲ್ಲೇ ಕೇಳತೊಡಗಿದರು. ಬೇಕೋ ಬೇಡವೋ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಕೊಲ್ಹಾಪುರದ ಹತ್ತಿರ ಹೆದ್ದಾರಿಯೇ ಬಂದ್ ಆಯಿತು. ನಮ್ಮಲ್ಲಿ ಕರೆಂಟಿಲ್ಲ, ನೆಟ್ಟಿಲ್ಲ. ಬೆಂಗಳೂರಿನ ಸರ್ವರು ಒಂದು ಕ್ಷಣವೂ ಮಲಗದೆ ನಡೆದಿತ್ತು, ಅದನ್ನು ಮುಟ್ಟುವವರೇ ಇರಲಿಲ್ಲ. ಬಿಲ್ಲು ಮಾತ್ರ ತಾರೀಖಿಗೆ ಸರಿಯಾಗಿ ಬಂತು.

ಈಗ ಕೆಲಸಕ್ಕಿರುವ ಇಬ್ಬರು ಹುಡುಗರು ನಡೆಸುವ ಕಪ್ಪು ಪರದೆಯಲ್ಲಿ ಅವೇ ಹಳೆಯ ಯುನಿಕ್ಸಿನ ಅಪ್ಪಣೆಗಳು: ಅದೇ ಎಲ್‌ಎಸ್, ಅದೇ ಗ್ರೆಪ್. ನಕಲು ರಾತ್ರಿ ತಾನೇ ಇನ್ನೊಂದು ಊರಿನ ಸರ್ವರಿಗೆ ಹೋಗುತ್ತದಂತೆ. “ಒಮ್ಮೆ ವಾಪಸ್ ಇಳಿಸಿ ನೋಡೀರೇನು?” ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮರುದಿನ ಫೋನು ಬಂತು: “ಬರತೈತ್ರಿ ಕಾಕಾ, ಬರೋಬ್ಬರಿ ಐತಿ.”