ಗಾಳಿಯುಂಡು ಬದುಕುವ ಹಿಂಜಿನು

ಬೇಸಿಗೆಯಲ್ಲಿ ಬೈಯಪ್ಪನಹಳ್ಳಿಯ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂತೆಂದರೆ ಮನೆಮನೆಯ ಸಂಪೂ ಬಾಯಿ ತೆರೆಯುತ್ತದೆ. ಆಗ ನಿಶ್ಚಿಂತೆಯಿಂದ ಇರುವವನು ಒಬ್ಬನೇ: ಹೊಂಗೆಮರದಡಿಯ ನನ್ನ ಹಳೇ ಫೋಕ್ಸ್‌ವ್ಯಾಗನ್ ಬೀಟಲ್. ಹುಟ್ಟಿದಾಗಿನಿಂದ ಇವನ ಎಂಜಿನು ಒಂದು ಗುಟುಕು ನೀರು ಮುಟ್ಟಿದ್ದಲ್ಲ. ಬರೀ ಗಾಳಿಯುಂಡು ತಪಸ್ಸು ಮಾಡಿದ ಋಷಿಗಳ ಗೋತ್ರ. ಪೆಟ್ರೋಲಿನ ಚಟವೊಂದನ್ನು ಋಷಿಗಳು ಮನ್ನಿಸಬೇಕು.

ಎಂಜಿನು ಹಿಂದಿರುವುದರಿಂದ ಅದನ್ನು ನಾನು ಹಿಂಜಿನು ಎನ್ನುತ್ತೇನೆ. ಮುಂದಿರುವುದು ಮುಂಡಿಕ್ಕಿ. ಒಮ್ಮೆ ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಸಿಕ್ಕಿಕೊಂಡಿದ್ದಾಗ ಪಕ್ಕದ ಹಳೇ ಆಟೋದವರು ಕನಿಕರದಿಂದ ಬಾಟಲಿ ಚಾಚಿ, "ಸಾರ್, ಬಿಸಿ ವಾಸ್ನೆ ಬರ್ತಿದೆ, ರೇಡಿಯೇಟರ್‌ಗೆ ಸ್ವಲ್ಪ ನೀರು ಹಾಕ್ಕೊಳ್ಳಿ" ಎಂದರು. ರೇಡಿಯೇಟರೇ ಇಲ್ಲ, ಎಂಜಿನು ಹಿಂದಿದೆ, ಗಾಳಿಯಲ್ಲೇ ತಣಿಯುತ್ತೆ ಎಂದೆ. "ಹಂಗಾದ್ರೆ ನಮ್ ಜಾತೀನೇ ಬಿಡಿ" ಎಂದು ನೀರನ್ನು ತಾವೇ ಕುಡಿದರು. 2 ಕೋಟಿಗೂ ಮಿಕ್ಕಿ ಹುಟ್ಟಿ, 2003ರಲ್ಲಿ ಮೆಕ್ಸಿಕೊದಲ್ಲಿ ಕೊನೆಗಂಡ ವಂಶಕ್ಕೆ ಇಲ್ಲೊಬ್ಬರು ನೆಂಟರು ಸಿಕ್ಕರು.

ಗಾಳಿಯೇನೋ ಪುಕ್ಕಟೆ, ಆದರೆ ಅದಕ್ಕೆ ಓಣಿ ಬೇಕು. ಡೈನಮೋದ ಒಂದು ತುದಿಗೆ ಪುಲ್ಲಿ, ಇನ್ನೊಂದು ತುದಿಗೆ ಫ್ಯಾನ್. ಸಿಲಿಂಡರುಗಳ ಮೈತುಂಬ ಹಪ್ಪಳ ಒಟ್ಟಿದಂತೆ ಲೋಹದ ರೆಕ್ಕೆಗಳು. ಅವುಗಳ ಸಂದಿಯಲ್ಲಿ ನುಸುಳಿ ಬಿಸಿಯಾದ ಗಾಳಿ ಕೆಳಗಿಳಿದು ಹೋಗಬೇಕು, ಮೇಲೆ ಮರಳಬಾರದು. ಅದಕ್ಕೆಂದೇ ಸುತ್ತ ತಗಡು, ತಗಡಿನಂಚಿಗೆ ರಬ್ಬರ್. ಈ ತಗಡಿಗೂ ಟಿನ್ ಎಂದೇ ಹೆಸರು! ಅಂದವಿಲ್ಲವೆಂದು ಅದನ್ನು ಬಿಚ್ಚಿಸಿ ಮಾರಿದ ಜಾಣರು ಆಮೇಲೆ ಶಿವಾಜಿನಗರದ ಗುಜರಿಯಲ್ಲಿ ಅದನ್ನೇ ಹುಡುಕುತ್ತ ಅಲೆಯುತ್ತಾರೆ. ಆ ಜಾಣರಲ್ಲಿ ನಾನೂ ಒಬ್ಬ.

ಆ ಪುಲ್ಲಿಯನ್ನು ತಿರುಗಿಸುವ ಬೆಲ್ಟ್ ನೋಡುವುದು ನನ್ನ ಭಾನುವಾರದ ಪೂಜೆ. ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 15 ಮಿಲಿಮೀಟರ್ ತಗ್ಗಬೇಕು. ಸಡಿಲವಾದರೆ ಜಾರುತ್ತದೆ, ಅತಿ ಬಿಗಿಯಾದರೆ ಡೈನಮೋದ ಬೇರಿಂಗ್ ನರಳುತ್ತದೆ. ಪುಲ್ಲಿ ಎರಡು ಹೋಳು, ನಡುವೆ ವಾಷರುಗಳು. 21ರ ಸ್ಪ್ಯಾನರಿನಿಂದ ನಟ್ ಬಿಚ್ಚಿ ಒಂದು ವಾಷರ್ ತೆಗೆದರೆ ಹೋಳುಗಳು ಹತ್ತಿರವಾಗಿ ಬೆಲ್ಟ್ ಮೇಲೇರಿ ಬಿಗಿಯುತ್ತದೆ. ತೆಗೆದದ್ದನ್ನು ಎಸೆಯುವಂತಿಲ್ಲ, ಹೊರಗೆ ನಟ್ಟಿನ ಅಡಿ ಕೂರಿಸಬೇಕು. ನಡುಮನೆಯಿಂದ ಜಗಲಿಗೆ ಬಂದು ಕೂತ ಅಜ್ಜನ ಹಾಗೆ. ಕೆಲಸವಿಲ್ಲ, ಮನೆಬಿಟ್ಟೂ ಹೋಗಿಲ್ಲ.

ಡ್ಯಾಶ್‌ಬೋರ್ಡಿನ ಕೆಂಪುದೀಪವೊಂದು ಮಾತ್ರ ತುಸು ಒಗಟಿನದು. ಚಾರ್ಜ್ ಆಗುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಬೆಲ್ಟ್ ಹರಿದು ಗಾಳಿಯೂ ನಿಂತಿರಬಹುದು ಎಂಬುದನ್ನು ನಾವೇ ಊಹಿಸಿ ಗಾಡಿ ನಿಲ್ಲಿಸಬೇಕು.

ಕೈಮಸಿ ಒರೆಸಿಕೊಳ್ಳುವಾಗ ಮನಸ್ಸು ಹತ್ತಿರದ ಎನ್‌ಜಿಇಎಫ್ ಕಡೆ ಹೊರಳುತ್ತದೆ. 1956ರಲ್ಲಿ ಆರಂಭವಾಗಿ, ಜರ್ಮನಿಯ ಎಇಜಿ ನಂಟಿನಲ್ಲಿ ಮೋಟರು, ಟ್ರಾನ್ಸ್‌ಫಾರ್ಮರು ಮಾಡಿ, 2002ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ಆಮೇಲೆ ಅದರಂಗಳದಲ್ಲಿ ಮರಗಳು ಕಾಡಾಗಿ ಬೆಳೆದವು. ಜರ್ಮನ್ ನಂಟಿನ ಇನ್ನೊಂದು ಯಂತ್ರ ಇತ್ತ ನನ್ನ ಹೊಂಗೆಯಡಿ ಇನ್ನೂ ಗೊಣಗುತ್ತಿದೆ.

ಹೋದ ತಿಂಗಳು ಗೊಣಗು ಹೆಚ್ಚಾಯಿತು. ಹಳೇ ಮಾದರಿಗಳಲ್ಲಿ ಆಯಿಲ್ ಕೂಲರ್ ಮೂರನೇ ಸಿಲಿಂಡರಿನ ಗಾಳಿಗೆ ಅಡ್ಡ ನಿಂತಿರುತ್ತದೆ, ಅದರದೇ ತಕರಾರು ಎಂದುಕೊಂಡೆ. ಫ್ಯಾನಿನ ಕವಚ ಬಿಚ್ಚಿದರೆ ಅಳಿಲಿನ ಗೂಡು! ತೆಂಗಿನ ನಾರು, ಹೊಂಗೆ ಎಲೆ, ಜೊತೆಗೆ ಕಳೆದುಹೋಗಿದ್ದ ನನ್ನ ಬನಿಯನ್ನಿನ ಚೂರು. ಆ ಬನಿಯನ್ನಿಗಾಗಿ ಮನೆಯವಳ ಮೇಲೆ ಎರಡು ದಿನ ಮುನಿಸಿಕೊಂಡಿದ್ದೆ.

ಗೂಡನ್ನು ಕೊಂಬೆಗೆ ವರ್ಗಾಯಿಸಿದೆ. ಅಳಿಲು ಇನ್ನೂ ಒಪ್ಪಿಲ್ಲ. ಭಾನುವಾರ ಮತ್ತೆ ಬಿಚ್ಚುತ್ತೇನೆ, ಬನ್ನಿ. ನೀರಿನ ಬಾಟಲಿ ಬೇಡ. ಹಳೇ ಬನಿಯನ್ ಇದ್ದರೆ ತನ್ನಿ.